ಗಣಿತಸ್ಪರ್ಧೆಯೂ ಬಾಲವಿದ್ಯಾರ್ಥಿಗಳೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



 

ಮಠದ ಮಹೋತ್ಸವದಲ್ಲಿ ಷಟ್‌ಸ್ಥಲ, ಅಷ್ಟಾವರಣ, ಶಿವಯೋಗ ಮೊದಲಾದ ವಿಷಯಗಳನ್ನು ಕುರಿತು ಉಪನ್ಯಾಸಗಳು ನಡೆಯುವುದು ವಾಡಿಕೆ. ಅವುಗಳ ನಡುವೆ ಗಣಿತಸ್ಪರ್ಧೆಯೆಂಬ ಲೌಕಿಕ ವಿಷಯವು ಏತಕ್ಕೆ ಬಂದಿತೆಂದು ಕೆಲವರಿಗೆ ಶಂಕೆಯುಂಟಾಗಬಹುದು. ಶಂಕೆಯು ಸಹಜವಾದುದೇ. ಆದರೆ ಶ್ರೀಮಠವು ಅನ್ನದಾಸೋಹದೊಡನೆ ವಿದ್ಯಾದಾಸೋಹವನ್ನೂ ತನ್ನ ವ್ರತವಾಗಿ ಕೈಕೊಂಡಿರುವುದರಿಂದ, ಮಠದ ಆಶ್ರಯದಲ್ಲಿ ಓದುವ ಮಕ್ಕಳ ಮನಸ್ಸಿನಲ್ಲಿ ಏನು ನಡೆಯುತ್ತಿರುವುದೆಂಬುದನ್ನು ವಿಚಾರಿಸುವುದು ಮಠಕ್ಕೆ ಹೊರಗಿನ ಕೆಲಸವಾಗಲಾರದು.

ಈಗಿನ ಕಾಲದಲ್ಲಿ ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಅಂದರೆ 6ರಿಂದ 8ನೆಯ ತರಗತಿಯವರೆಗೆ ಓದುವವರಿಗೆ, ಗಣಿತದ ಸ್ಪರ್ಧೆಗಳು ಅನೇಕವಾಗಿ ಏರ್ಪಟ್ಟಿರುವುವು. ಬಹುಮಾನ ಪಡೆದ ಮಗುವನ್ನು ತಂದೆತಾಯಿಗಳು ಸನ್ನಿಧಿಗೆ ಕರೆತಂದು ಆಶೀರ್ವಾದವನ್ನು ಬೇಡುವರು. ಅದು ಯೋಗ್ಯವೇ ಸರಿ. ಬಹುಮಾನ ಬಾರದ ಮಗುವನ್ನು ಹಾಗೆ ಕರೆತರುವವರು ವಿರಳ. ಒಂದು ಸ್ಪರ್ಧೆಗೆ ನೂರು ಮಂದಿ ಕುಳಿತರೆ ಬಹುಮಾನ ಪಡೆಯುವವರು ನಾಲ್ಕಾರು ಮಂದಿ; ಉಳಿದವರೆಲ್ಲರೂ ಈ ಎರಡನೆಯ ಬಗೆಯ ಮಕ್ಕಳೇ. ಅವರ ಸಲುವಾಗಿಯೇ ಈ ಉಪನ್ಯಾಸವು. ಇಷ್ಟು ಎಳೆಯ ವಯಸ್ಸಿನಲ್ಲಿ ಮಕ್ಕಳನ್ನು ಸ್ಪರ್ಧೆಗೆ ಕಳುಹಿಸಬಹುದೇ, ಕಳುಹಿಸುವುದಾದರೆ ಯಾವ ಭಾವದಿಂದ ಕಳುಹಿಸಬೇಕು, ಹಿಂದಿರುಗಿದ ಮೇಲೆ ಅವರನ್ನು ಏನೆಂದು ಕೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗುವುದು.

ಮೊದಲು ಈ ಸ್ಪರ್ಧೆಗಳ ಸ್ವರೂಪವನ್ನು ತಿಳಿಯಬೇಕು. ಮಾಧ್ಯಮಿಕ ತರಗತಿಯ ಮಕ್ಕಳಿಗಾಗಿಯೇ ಮೀಸಲಾದ ಗಣಿತಸ್ಪರ್ಧೆಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳವು ಬಹು ಪ್ರಸಿದ್ಧವಾದುವು. ಕನ್ನಡ ನಾಡಿನಿಂದ ಹೋಗಿ ಆ ದೇಶದಲ್ಲಿ ನೆಲಸಿರುವ ಭಕ್ತ ಕುಟುಂಬಗಳಿಗೆ ಇವುಗಳ ಹೆಸರು ಹೊಸದಲ್ಲ. ಅವುಗಳಲ್ಲಿ ಒಂದು ಎ.ಎಂ.ಸಿ. 8 ಎಂಬುದು. ಇದನ್ನು ಅಮೆರಿಕದ ಗಣಿತ ಸಂಘವು ನಡೆಸುವುದು. 1985ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಗಿ ಅನಂತರ ಈಗಿನ ಹೆಸರನ್ನು ಪಡೆದಿರುವುದು. ಇತರ ದೇಶಗಳಲ್ಲಿಯೂ ನಡೆಯುವುದು. 40 ನಿಮಿಷಗಳಲ್ಲಿ 25 ಪ್ರಶ್ನೆಗಳು. ಪ್ರತಿಯೊಂದಕ್ಕೂ ಐದು ಉತ್ತರಗಳನ್ನು ಕೊಟ್ಟಿರುವರು, ಸರಿಯಾದುದನ್ನು ಗುರುತಿಸಬೇಕು. ಗುಣಕಯಂತ್ರವನ್ನು ಉಪಯೋಗಿಸಕೂಡದು.

ಇನ್ನೊಂದು ಮ್ಯಾಥ್‌ಕೌಂಟ್ಸ್ ಎಂಬುದು. ಇದರ ಮೊದಲ ರಾಷ್ಟ್ರೀಯ ಸ್ಪರ್ಧೆಯು 1984ರಲ್ಲಿ ನಡೆಯಿತು. ಶಾಲೆ, ಪ್ರಾಂತ, ರಾಜ್ಯ, ರಾಷ್ಟ್ರವೆಂಬ ನಾಲ್ಕು ಮೆಟ್ಟಿಲುಗಳನ್ನು ಏರಿ ಕಟ್ಟಕಡೆಗೆ 224 ಮಕ್ಕಳು ರಾಷ್ಟ್ರೀಯ ಸ್ಪರ್ಧೆಗೆ ಬರುವರು. ಇದರಲ್ಲಿ ನಾಲ್ಕು ಬಗೆಯ ಪರೀಕ್ಷೆಗಳುಂಟು. ಸ್ಪ್ರಿಂಟ್ ಎಂಬುದರಲ್ಲಿ 40 ನಿಮಿಷಗಳಿಗೆ 30 ಲೆಕ್ಕಗಳು. ಟಾರ್ಗೆಟ್ ಎಂಬುದರಲ್ಲಿ 8 ಲೆಕ್ಕಗಳನ್ನು ಎರಡೆರಡಾಗಿ ಕೊಟ್ಟು ಪ್ರತಿ ಜೋಡಿಗೆ 6 ನಿಮಿಷಗಳನ್ನು ಕೊಡುವರು. ಟೀಮ್ ಎಂಬುದರಲ್ಲಿ ನಾಲ್ವರು ಕೂಡಿ ಕುಳಿತು 20 ನಿಮಿಷಗಳಲ್ಲಿ 10 ಲೆಕ್ಕಗಳನ್ನು ಬಿಡಿಸಬೇಕು. ಕೊನೆಯದಾದ ಕೌಂಟ್‌ಡೌನ್ ಎಂಬುದರಲ್ಲಿ ಇಬ್ಬರು ಮಕ್ಕಳು ಸಭೆಯ ಇದಿರಿನಲ್ಲಿ ಕುಳಿತು, ತೋರಿದ ಲೆಕ್ಕಕ್ಕೆ 45 ಸೆಕೆಂಡುಗಳೊಳಗೆ ಉತ್ತರ ಹೇಳಬೇಕು. ಯಾರು ಮೊದಲು ಸರಿಯಾಗಿ ಹೇಳುವರೋ ಅವರಿಗೆ ಗೆಲುವು.

ಭಾರತದಲ್ಲಿಯೂ ಇಂತಹ ಪದ್ಧತಿ ಇಲ್ಲದೆ ಇಲ್ಲ. 1965ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಭಾರತದ ಗಣಿತ ಅಧ್ಯಾಪಕರ ಸಂಘವು ನಡೆಸುವ ಪ್ರತಿಭಾ ಸ್ಪರ್ಧೆಯಲ್ಲಿ 7 ಮತ್ತು 8ನೆಯ ತರಗತಿಯವರಿಗೆ ಬೇರೆಯ ವಿಭಾಗವೇ ಉಂಟು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಭಾರತವು 1989ರಿಂದ ಭಾಗವಹಿಸುತ್ತಿರುವುದು. 1996ರಲ್ಲಿ ಅದು ಮುಂಬಯಿಯಲ್ಲಿಯೇ ನೆರೆಯಿತು. ಆದರೆ ಅದು ದೊಡ್ಡ ತರಗತಿಗಳವರ ಸ್ಪರ್ಧೆ; ಪ್ರಕೃತ ವಿಷಯಕ್ಕೆ ಅದರ ವಿಸ್ತಾರವು ಬೇಡ.

ಪ್ರಶ್ನೆಯನ್ನೊಡ್ಡಿ ಬುದ್ಧಿಯನ್ನು ಪರೀಕ್ಷಿಸುವ ಕ್ರಮವು ಪರದೇಶದಿಂದ ಬಂದುದೆಂದು ತಿಳಿಯಬೇಕಾಗಿಲ್ಲ. ಕ್ರಿ.ಶ. 850ರ ಸುಮಾರಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಆ ಗ್ರಂಥವು ನಿಯಮಗಳಿಗಿಂತಲೂ ಹೆಚ್ಚಾಗಿ ಪ್ರಶ್ನೆಗಳಿಂದ ತುಂಬಿರುವುದು. ಅದರಲ್ಲಿ ಗುಣಾಕಾರದ ಫಲವು ಕೊರಳಿನ ಹಾರದಂತೆ ಎರಡು ಕಡೆಯಿಂದಲೂ ಒಂದೇ ತೆರನಾಗಿ ಕಾಣುವ ಲೆಕ್ಕಗಳುಂಟು. 12345679 ಎಂಬುದನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಸಾಲಾಗಿ ನಿಲ್ಲುವುವು. 27994681 ಎಂಬುದನ್ನು 441ರಿಂದ ಗುಣಿಸಿದರೆ 12345654321 ಎಂಬುದು ಬರುವುದು. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವುದು. ಮಕ್ಕಳ ಕಣ್ಣನ್ನು ಅರಳಿಸುವ ಇಂತಹ ಲೆಕ್ಕವನ್ನು ಸಾವಿರದ ನೂರು ವರ್ಷಗಳಿಗೂ ಹಿಂದೆ ಒಬ್ಬ ಆಚಾರ್ಯನು ಯೋಚಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ. ಇನ್ನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದುವನ್ನು ಬರೆದ ರಾಜಾದಿತ್ಯನು 12ನೆಯ ಶತಮಾನದವನು. ಬಸವಾದಿ ಶರಣರು ಅನುಭಾವವನ್ನು ಕನ್ನಡದಲ್ಲಿ ನುಡಿದ ಶತಮಾನದಲ್ಲಿಯೇ ಗಣಿತವೂ ಕನ್ನಡವನ್ನು ನುಡಿಯಿತೆಂಬುದನ್ನು ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಮರೆಯಬಾರದು.

ಇವರೆಲ್ಲರಿಗಿಂತ ಹಿಂದಿನವನು ಬ್ರಹ್ಮಗುಪ್ತನು. ಕ್ರಿ.ಶ. 628ರಲ್ಲಿ ರಚಿತವಾದ ಅವನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಒಂದು ಪ್ರಶ್ನೆಯುಂಟು. ಅದರ ಭಾವವಿದು: ಒಂದು ವರ್ಗಸಂಖ್ಯೆಯನ್ನು 92ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಬರುವುದೂ ವರ್ಗಸಂಖ್ಯೆಯೇ ಆಗಬೇಕು, ಅಂತಹ ಸಂಖ್ಯೆ ಯಾವುದು? ಚಿಕ್ಕ ಉದಾಹರಣೆಯಿಂದ ಇದು ತಿಳಿಯುವುದು. 92ರ ಬದಲಾಗಿ 8 ಎಂದಿದ್ದರೆ ಉತ್ತರವು ಸುಲಭ: ಒಂದರ ವರ್ಗವು ಒಂದು, ಅದನ್ನು 8ರಿಂದ ಗುಣಿಸಿ ಒಂದನ್ನು ಕೂಡಿಸಿದರೆ 9, ಅದು ಮೂರರ ವರ್ಗ. ಆದರೆ 92ಕ್ಕೆ ಉತ್ತರವು ಹತ್ತಿರದಲ್ಲಿ ಸಿಕ್ಕುವುದಿಲ್ಲ. 120ರ ವರ್ಗವು 14400; ಅದನ್ನು 92ರಿಂದ ಗುಣಿಸಿದರೆ 1324800; ಒಂದನ್ನು ಕೂಡಿಸಿದರೆ 1324801; ಅದು 1151ರ ವರ್ಗವಾಗಿರುವುದು. 120ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಯೂ ಒಪ್ಪುವುದಿಲ್ಲ. ಇಲ್ಲಿ ಗಮನಿಸತಕ್ಕುದೇನೆಂದರೆ, ಆ ಆಚಾರ್ಯನು ಈ ಪ್ರಶ್ನೆಗೆ ಕೊಟ್ಟ ಅವಧಿ. ಒಂದು ವರ್ಷದೊಳಗೆ ಇದನ್ನು ಬಿಡಿಸಬಲ್ಲವನು ಗಣಕನೆನಿಸಿಕೊಳ್ಳುವನೆಂದು ಅವನ ಅಭಿಪ್ರಾಯ.

ಒಂದು ಕಡೆ ಒಂದು ವರ್ಷ, ಇನ್ನೊಂದು ಕಡೆ 45 ಸೆಕೆಂಡುಗಳು. ಎರಡೂ ಗಣಿತದ ಪರೀಕ್ಷೆಗಳೇ. ಆದರೆ ಒಂದೊಂದು ಬುದ್ಧಿಯ ಒಂದೊಂದು ಗುಣವನ್ನು ಅಳೆಯುವುದು. ಶೀಘ್ರತೆಯು ಹೇಯವಾದುದಲ್ಲ, ಅಭ್ಯಾಸದಿಂದ ಕೈ ಪಳಗಿ, ಮನಸ್ಸು ಏಕಾಗ್ರವಾದ ಮಗುವಿಗೆ ಅದು ತಾನಾಗಿ ಬರುವುದು. ಆದರೆ ಶೀಘ್ರತೆ ಇಲ್ಲದ ಮಗುವಿಗೆ ಗಣಿತವೇ ಇಲ್ಲವೆಂದು ತೀರ್ಮಾನಿಸುವುದು ಮಹಾಪ್ರಮಾದವು. ಕಾಲವನ್ನು ಅಳೆಯುವ ಗಡಿಯಾರವು ತಿಳಿವಿನ ಆಳವನ್ನು ಅಳೆಯಲಾರದು. ದುರ್ದೈವವಶಾತ್ ಸ್ಪರ್ಧೆಯಿಂದ ಹಿಂದಿರುಗಿದ ಮಗುವೇ ತನ್ನ ವಿಷಯದಲ್ಲಿ ಈ ತಪ್ಪು ತೀರ್ಮಾನವನ್ನು ಮಾಡಿಕೊಳ್ಳುವುದು. ಅದನ್ನು ತಿದ್ದುವವರಿಲ್ಲದಿದ್ದರೆ ಆ ತೀರ್ಮಾನವು ಜೀವಮಾನಪರ್ಯಂತ ಉಳಿಯುವುದು.

ಇದಕ್ಕೆ ಒಂದು ದೃಷ್ಟಾಂತವುಂಟು. ಮರಿಯಂ ಮಿರ್ಜಾಖಾನಿ ಎಂಬಾಕೆಯು 1977ರಲ್ಲಿ ಇರಾನ್ ದೇಶದ ತೆಹರಾನಿನಲ್ಲಿ ಹುಟ್ಟಿದಳು. ಆಕೆಯು ಮಾಧ್ಯಮಿಕ ಶಾಲೆಯನ್ನು ಸೇರಿದ ಮೊದಲ ವರ್ಷದಲ್ಲಿ ಗಣಿತದಲ್ಲಿ ಹಿಂದೆ ಬಿದ್ದಳು. ಆ ವರ್ಷದ ಅಧ್ಯಾಪಕರಿಗೆ ಈ ಹುಡುಗಿಯಲ್ಲಿ ವಿಶೇಷ ಪ್ರತಿಭೆಯೇನೂ ಕಾಣಲಿಲ್ಲ. ಅದರಿಂದ ಆಕೆಗೆ ಗಣಿತದಲ್ಲಿದ್ದ ಆಸಕ್ತಿಯೇ ಕುಗ್ಗಿತು. ಮರುವರ್ಷ ಬೇರೆ ಅಧ್ಯಾಪಕರು ಬಂದು ಉತ್ತೇಜನವನ್ನು ಕೊಟ್ಟರು, ಹುಡುಗಿಯು ಚೇತರಿಸಿಕೊಂಡಳು. ಮುಂದೆ ಪ್ರೌಢಶಾಲೆಯಲ್ಲಿದ್ದಾಗ ಆಕೆಗೂ ಆಕೆಯ ಗೆಳತಿಗೂ ಒಂದು ರಾಷ್ಟ್ರೀಯ ಸ್ಪರ್ಧೆಯ ಪ್ರಶ್ನಪತ್ರಿಕೆಯು ದೊರೆಯಿತು. ಸ್ಪರ್ಧೆಯಲ್ಲಿ ಅದಕ್ಕೆ ಮೂರು ಗಂಟೆಗಳ ಅವಧಿ. ಈ ಇಬ್ಬರು ಹುಡುಗಿಯರು ಹಲವು ದಿನಗಳ ಕಾಲ ಆಲೋಚಿಸಿ ಆರು ಪ್ರಶ್ನೆಗಳಲ್ಲಿ ಮೂರನ್ನು ಬಿಡಿಸಿದರು. ಮೂರು ಬಿಡಲಿಲ್ಲವೆಂದು ಅವರು ಕೊರಗಲಿಲ್ಲ. ಮೂರಾದರೂ ಬಿಟ್ಟುವೆಂದು ಹಿಗ್ಗಿದರು. ಬಾಲಕರ ಶಾಲೆಯಲ್ಲಿ ನಡೆಯುವಂತಹ ವಿಶೇಷ ಪಾಠಗಳು ತಮಗೂ ಬೇಕೆಂದು ಮುಖ್ಯಾಧ್ಯಾಪಿನಿಯನ್ನು ಕೇಳಿದರು. ಆಕೆಯು ಅದನ್ನು ನಡೆಸಿಕೊಟ್ಟಳು. 1994ರಲ್ಲಿಯೂ 1995ರಲ್ಲಿಯೂ ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಮಿರ್ಜಾಖಾನಿಗೆ ಚಿನ್ನದ ಪದಕಗಳು ದೊರೆತುವು. ಎರಡನೆಯ ಬಾರಿ ಪೂರ್ಣಾಂಕವೇ ಬಂದಿತು. 2014ರಲ್ಲಿ ಗಣಿತಶಾಸ್ತ್ರದ ಅತ್ಯುನ್ನತ ಗೌರವವೆನಿಸಿದ ಫೀಲ್ಡ್ಸ್ ಪದಕವನ್ನು ಪಡೆದ ಮೊದಲನೆಯ ಸ್ತ್ರೀ ಎಂಬ ಕೀರ್ತಿಗೆ ಆಕೆಯು ಪಾತ್ರಳಾದಳು. ವ್ಯಾಧಿಗ್ರಸ್ತಳಾಗಿ 2017ರಲ್ಲಿ, ನಲವತ್ತು ವರ್ಷ ವಯಸ್ಸಿಗೆ, ಕಾಲಾಧೀನಳಾದಳು. ಮಾಧ್ಯಮಿಕ ಶಾಲೆಯ ಮೊದಲ ವರ್ಷದಲ್ಲಿಯೇ ಅವಳ ಮನೆಯವರು ‘ನಿನಗೆ ಗಣಿತ ಹತ್ತದು’ ಎಂದು ಕೈಬಿಟ್ಟಿದ್ದರೆ ಲೋಕಕ್ಕೆ ಎಷ್ಟು ನಷ್ಟವಾಗುತ್ತಿದ್ದಿತೆಂಬುದನ್ನು ಊಹಿಸಿಕೊಳ್ಳಬಹುದು.

ಆ ಇಬ್ಬರು ಹುಡುಗಿಯರು ಮಾಡಿದ ಕೆಲಸದಲ್ಲಿಯೇ ಸ್ಪರ್ಧೆಯ ನಿಜವಾದ ಫಲವು ಅಡಗಿರುವುದು. ಸ್ಪರ್ಧೆಯ ದಿನವು ಕಳೆದ ಬಳಿಕ, ಬಿಡಿಸಲಾರದೆ ಉಳಿದ ಲೆಕ್ಕದ ಬಳಿಗೆ ಮಗುವು ತಾನಾಗಿ ಹಿಂದಿರುಗುವುದಾದರೆ, ಆ ಸ್ಪರ್ಧೆಯು ಆ ಮಗುವಿಗೆ ಫಲಿಸಿತೆಂದು ತಿಳಿಯಬೇಕು. ಹಿಂದಿರುಗದಿದ್ದರೆ, ಬಹುಮಾನವೇ ಬಂದಿದ್ದರೂ ಅದು ಫಲಿಸಲಿಲ್ಲ.

ಹಿಂದಿರುಗುವುದೆಂದರೇನು ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಗಣಿತವನ್ನು ಕಲಿಸುವವರಲ್ಲಿ ಈ ಲೆಕ್ಕವು ಬಹುಕಾಲದಿಂದ ಬಳಕೆಯಲ್ಲಿರುವುದು. ಒಂದು ನಿಲಯದಲ್ಲಿ 100 ಕೋಣೆಗಳು, ಬಾಗಿಲುಗಳೆಲ್ಲವೂ ಮುಚ್ಚಿರುವುವು. 100 ಮಂದಿ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಬರುವರು. ಮೊದಲನೆಯವನು ಎಲ್ಲ ಬಾಗಿಲುಗಳನ್ನೂ ತೆರೆಯುವನು. ಎರಡನೆಯವನು 2, 4, 6 ಹೀಗೆ ಎರಡರ ಗುಣಕಗಳಾದ ಬಾಗಿಲುಗಳನ್ನು ಮುಚ್ಚುವನು. ಮೂರನೆಯವನು 3, 6, 9 ಹೀಗೆ ಮೂರರ ಗುಣಕಗಳಾದ ಬಾಗಿಲುಗಳ ಬಳಿಗೆ ಮಾತ್ರ ಹೋಗಿ, ತೆರೆದಿದ್ದರೆ ಮುಚ್ಚುವನು, ಮುಚ್ಚಿದ್ದರೆ ತೆರೆಯುವನು. ನೂರನೆಯವನವರೆಗೂ ಇದೇ ಕ್ರಮ. ಕೊನೆಗೆ ಯಾವ ಬಾಗಿಲುಗಳು ತೆರೆದಿರುವುವು?

ಅವಸರದ ಮಗುವು ಪ್ರಶ್ನೆಯನ್ನು ಓದಿ ಗಾಬರಿಗೊಂಡು ಮುಂದಿನದಕ್ಕೆ ಹೋಗುವುದು. ಸ್ಪರ್ಧೆಯಲ್ಲಿ ಹಾಗೆ ಮಾಡುವುದು ಜಾಣತನವೇ ಇರಬಹುದು. ಆದರೆ ಮನೆಗೆ ಬಂದ ಮೇಲೆ ಹತ್ತೇ ಬಾಗಿಲುಗಳನ್ನು ಹಲಗೆಯ ಮೇಲೆ ಬರೆದು ಮಾಡಿ ನೋಡಿದರೆ 1, 4, 9 ಈ ಮೂರು ಮಾತ್ರ ತೆರೆದಿರುವುದು ಕಾಣುವುದು. ಇವು ವರ್ಗಸಂಖ್ಯೆಗಳು. ಇಷ್ಟಕ್ಕೆ ನಿಲ್ಲದೆ, ಹೀಗೇಕೆ ಆಯಿತೆಂದು ಕೇಳಬೇಕು. ಒಂದು ಬಾಗಿಲನ್ನು ಮುಟ್ಟುವವರು ಯಾರೆಂದರೆ, ಆ ಬಾಗಿಲಿನ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಯವರು. 12ನೆಯ ಬಾಗಿಲನ್ನು 1, 2, 3, 4, 6, 12 ಈ ಆರು ಮಂದಿ ಮುಟ್ಟುವರು. ಇವರು ಒಂದಕ್ಕೆ ಹನ್ನೆರಡು, ಎರಡಕ್ಕೆ ಆರು, ಮೂರಕ್ಕೆ ನಾಲ್ಕು ಎಂದು ಜೋಡಿಜೋಡಿಯಾಗಿರುವರು. ಜೋಡಿಯಲ್ಲಿ ಒಬ್ಬನು ತೆರೆದುದನ್ನು ಇನ್ನೊಬ್ಬನು ಮುಚ್ಚಿದ ಲೆಕ್ಕವಾಗಿ ಬಾಗಿಲು ಮುಚ್ಚಿಯೇ ಉಳಿಯುವುದು. 16ನೆಯದನ್ನು 1, 2, 4, 8, 16 ಈ ಐವರು ಮುಟ್ಟುವರು. ಒಂದಕ್ಕೆ ಹದಿನಾರು, ಎರಡಕ್ಕೆ ಎಂಟು ಜೋಡಿ. ನಾಲ್ಕಕ್ಕೆ ನಾಲ್ಕೇ ಜೋಡಿಯಾದುದರಿಂದ ಅವನು ಒಂಟಿಯಾಗಿ ಉಳಿಯುವನು. ಆ ಒಂಟಿಯಿಂದ ಬಾಗಿಲು ತೆರೆದಿರುವುದು. ಆದುದರಿಂದ ನೂರರೊಳಗಿನ ಹತ್ತು ವರ್ಗಸಂಖ್ಯೆಗಳ ಬಾಗಿಲುಗಳೇ ತೆರೆದಿರುವುವು. ಇದನ್ನು ಕಂಡುಕೊಂಡ ಮಗುವಿಗೆ ಸಾವಿರ ಬಾಗಿಲುಗಳಾದರೂ ಭಯವಿಲ್ಲ. ಮೂರು ದಿನ ಹಿಡಿದರೂ ಚಿಂತೆಯಿಲ್ಲ. ತಾನೇ ಕಂಡುಕೊಂಡ ಈ ತಿಳಿವನ್ನು ಯಾರೂ ಕಸಿದುಕೊಳ್ಳಲಾರರು.

ಇನ್ನು ಸ್ಪರ್ಧೆಯ ನಿಯಮಗಳೊಳಗೇ ಅಡಗಿರುವ ಎರಡು ಸಂಗತಿಗಳನ್ನು ವಿಚಾರಿಸಬೇಕು. ಮೊದಲನೆಯದು ಊಹೆಯ ವಿಷಯ. ಎ.ಎಂ.ಸಿ. 8ರಲ್ಲಿ ತಪ್ಪುತ್ತರಕ್ಕೆ ಅಂಕಗಳನ್ನು ಕಳೆಯುವುದಿಲ್ಲ. ಆದುದರಿಂದ ತಿಳಿಯದ ಪ್ರಶ್ನೆಗೂ ಏನಾದರೊಂದು ಗುರುತು ಹಾಕುವುದೇ ಲಾಭ. ಐದರಲ್ಲಿ ಒಂದು ಸರಿಯಾದುದರಿಂದ, ಹತ್ತು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿಯಲ್ಲಿ ಎರಡು ಸರಿಬೀಳುವುವು. ಹದಿನೈದನ್ನು ತಿಳಿದು ಬಿಡಿಸಿ ಹತ್ತನ್ನು ಊಹಿಸಿದ ಮಗುವಿಗೆ ಹೀಗೆ 17 ಬರಬಹುದು. ಹದಿನೇಳನ್ನು ತಿಳಿದು ಬಿಡಿಸಿ ಉಳಿದುವನ್ನು ಹಾಗೆಯೇ ಬಿಟ್ಟ ಮಗುವಿಗೂ 17 ಬರುವುದು. ಪಟ್ಟಿಯಲ್ಲಿ ಇಬ್ಬರೂ ಸಮಾನರು. ಊಹಿಸುವುದಕ್ಕೆ ನಿಯಮದ ಅನುಮತಿಯಿರುವುದರಿಂದ ಅದು ದೋಷವಲ್ಲ. ಆದರೆ ತಾನು ತಿಳಿದುದಾವುದು, ಊಹಿಸಿದುದಾವುದು ಎಂಬುದು ಮಗುವಿಗೆ ಗೊತ್ತಿರಬೇಕು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ‘ತಿಳಿದುದು’, ‘ಸಂದೇಹ’, ‘ಊಹೆ’ ಎಂದು ಮೂರು ಬಗೆಯ ಚಿಹ್ನೆಗಳನ್ನು ಮಾಡಿಕೊಂಡು, ಅಭ್ಯಾಸ ಪತ್ರಿಕೆಗಳಲ್ಲಿ ತನ್ನ ನಿಜವಾದ ಅಂಕವನ್ನು ತಾನೇ ಎಣಿಸಿಕೊಳ್ಳುವ ಪದ್ಧತಿಯನ್ನು ಕಲಿಸುವುದು ಒಳ್ಳೆಯದು. ಲೋಕವು ಹದಿನೇಳೆಂದರೂ ತನ್ನದು ಹದಿನೈದೇ ಎಂದು ಒಳಗೆ ಒಪ್ಪಿಕೊಳ್ಳುವ ಬಾಲಕನು ಸತ್ಯಶುದ್ಧ ಕಾಯಕದ ಮೊದಲ ಪಾಠವನ್ನು ಕಲಿತಂತಾಯಿತು. ಅಂತರಂಗವನ್ನು ಸಾಕ್ಷಿಯಾಗಿಟ್ಟುಕೊಂಡು ನಡೆಯಬೇಕೆಂಬುದನ್ನು ದೊಡ್ಡವರಿಗೆ ಬೋಧಿಸುವುದು ಕಷ್ಟ. ಹನ್ನೆರಡು ವರ್ಷದ ಮಗುವಿಗೆ ಒಂದು ಲೆಕ್ಕದ ಹಾಳೆಯ ಮೂಲಕ ಬೋಧಿಸುವುದು ಸುಲಭ.

ಎರಡನೆಯದು ಕೂಡಿ ಗೆಲ್ಲುವ ವಿಷಯ. ಮ್ಯಾಥ್‌ಕೌಂಟ್ಸಿನಲ್ಲಿ ಒಬ್ಬೊಬ್ಬರ ಅಂಕವಲ್ಲದೆ ತಂಡದ ಅಂಕವೂ ಉಂಟು. ಸ್ಪ್ರಿಂಟಿನಲ್ಲಿ ಸರಿಯಾದುವುಗಳ ಸಂಖ್ಯೆ, ಟಾರ್ಗೆಟ್ಟಿನಲ್ಲಿ ಸರಿಯಾದುವುಗಳ ಎರಡರಷ್ಟು, ಇವುಗಳನ್ನು ಕೂಡಿಸಿದರೆ ಒಬ್ಬರ ಅಂಕವಾಗುವುದು. ಅದರ ಪರಮಾವಧಿಯು 46. ತಂಡದ ನಾಲ್ವರ ಅಂಕಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿ, ಅದಕ್ಕೆ ಟೀಮ್ ಪರೀಕ್ಷೆಯಲ್ಲಿ ಸರಿಯಾದುವುಗಳ ಎರಡರಷ್ಟನ್ನು ಸೇರಿಸಿದರೆ ತಂಡದ ಅಂಕವು ದೊರೆಯುವುದು. ಮೂವರಿಗೆ ನಲವತ್ತು ನಲವತ್ತು, ನಾಲ್ಕನೆಯವನಿಗೆ ಇಪ್ಪತ್ತು ಬಂದಿತೆಂದಿಟ್ಟುಕೊಳ್ಳೋಣ. ಮೊತ್ತ 140, ಸರಾಸರಿ 35. ಮುಂದೆ ಇದ್ದ ಮೂವರೂ ಎಷ್ಟೋ ಶ್ರಮಪಟ್ಟು ಎರಡೆರಡು ಅಂಕಗಳನ್ನು ಹೆಚ್ಚಿಸಿಕೊಂಡರೆ ಸರಾಸರಿಯು ಒಂದೂವರೆಯಷ್ಟು ಏರುವುದು. ಅದರ ಬದಲಾಗಿ ಮೂವರೂ ಕೂಡಿ ನಾಲ್ಕನೆಯವನಿಗೆ ಕಲಿಸಿ ಅವನನ್ನು ಇಪ್ಪತ್ತರಿಂದ ಇಪ್ಪತ್ತೆಂಟಕ್ಕೆ ತಂದರೆ ಸರಾಸರಿಯು ಎರಡರಷ್ಟು ಏರುವುದು. ಹಿಂದುಳಿದವನನ್ನು ಕೈಹಿಡಿದು ಎತ್ತುವುದೇ ತಂಡಕ್ಕೆ ಹೆಚ್ಚಿನ ಲಾಭವೆಂದು ಲೆಕ್ಕವೇ ಸಾರುತ್ತಿರುವುದು. ಶರಣರು ದಾಸೋಹವೆಂದು ಕರೆದುದು ಇದಕ್ಕಿಂತಲೂ ಹಿರಿದು, ಅದರಲ್ಲಿ ಲಾಭದ ಎಣಿಕೆಯಿಲ್ಲ. ಆದರೂ ಮಗುವು ಆ ದಾರಿಯಲ್ಲಿ ಮೊದಲ ಹೆಜ್ಜೆಯಿಡುವುದಕ್ಕೆ ಇದು ಸಾಕು. ಕಲಿತುದನ್ನು ಕಲಿಯದವನಿಗೆ ಹೇಳಿಕೊಟ್ಟಾಗಲೇ ಕಲಿತುದು ಗಟ್ಟಿಯಾಗುವುದೆಂಬುದು ಪಾಠಶಾಲೆಗಳಲ್ಲಿ ಓದಿದವರೆಲ್ಲರ ಅನುಭವ.

ಇಷ್ಟಾದರೂ ಸ್ಪರ್ಧೆಯಲ್ಲಿ ದೋಷಗಳೇ ಇಲ್ಲವೆಂದು ಹೇಳಲಾಗದು. ಪಟ್ಟಣದ ಧನಿಕರ ಮಕ್ಕಳಿಗೆ ಶುಲ್ಕ ಕೊಟ್ಟು ವಿಶೇಷ ಪಾಠ ಹೇಳಿಸುವ ಅನುಕೂಲವುಂಟು. ಹಳ್ಳಿಯ ಮಗುವಿಗೆ ಅದಿಲ್ಲ. ಒಬ್ಬನು ಓಡುವುದಕ್ಕೆ ಮೊದಲೇ ಅರ್ಧ ದಾರಿಯನ್ನು ಸವೆಸಿರುವಾಗ ಇಬ್ಬರ ವೇಗವನ್ನು ಹೋಲಿಸುವುದು ನ್ಯಾಯವಲ್ಲ. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದು, ವಾಕ್ಯವು ಅರ್ಥವಾಗದೆ ಲೆಕ್ಕವನ್ನು ಬಿಟ್ಟುಬಂದ ಮಗುವನ್ನು ಗಣಿತದಲ್ಲಿ ಮಂದನೆಂದು ಎಣಿಸುವುದಂತೂ ಅನ್ಯಾಯವೇ ಸರಿ. ಇವೆಲ್ಲಕ್ಕಿಂತ ಕಠಿನವಾದುದು ಮನೆಯಲ್ಲಿ ನಡೆಯುವುದು. ಮಗುವು ಬಾಗಿಲೊಳಗೆ ಕಾಲಿಡುತ್ತಲೇ ‘ಎಷ್ಟನೆಯ ಸ್ಥಾನ?’ ಎಂದು ಕೇಳುವರು. ಸ್ಥಾನವು ಇತರರನ್ನು ಅವಲಂಬಿಸಿದುದು. ಮಗುವು ಎಷ್ಟೇ ಚೆನ್ನಾಗಿ ಬಿಡಿಸಿದರೂ ಇನ್ನೊಬ್ಬನು ಅದಕ್ಕಿಂತ ಚೆನ್ನಾಗಿ ಬಿಡಿಸಿದರೆ ಸ್ಥಾನವು ಇಳಿಯುವುದು. ತನ್ನ ಕೈಯಲ್ಲಿಲ್ಲದುದಕ್ಕಾಗಿ ತಲೆತಗ್ಗಿಸುವುದನ್ನು ಮಗುವಿಗೆ ಕಲಿಸಿದರೆ, ಕ್ರಮೇಣ ಅದು ಪಕ್ಕದವನ ಸೋಲನ್ನು ಹಾರೈಸುವುದನ್ನೂ ಕಲಿಯುವುದು. ಎಲ್ಲರೂ ಸಮಾನರೆಂದು ಸಾರಿದ ಧರ್ಮದ ಮನೆಗಳಲ್ಲಿ ಇದು ಬೆಳೆಯಬಾರದು.

ಹಾಗಾದರೆ ಕಳುಹಿಸಬಹುದೇ ಎಂಬ ಮೊದಲನೆಯ ಪ್ರಶ್ನೆಗೆ ಉತ್ತರವೇನೆಂದರೆ, ಹೋಗಬೇಕೆಂಬ ಇಚ್ಛೆಯುಳ್ಳ ಮಗುವನ್ನು ಅವಶ್ಯವಾಗಿ ಕಳುಹಿಸಬಹುದು. ಒಲ್ಲೆನೆಂಬ ಮಗುವನ್ನು ಬಲಾತ್ಕರಿಸಕೂಡದು. ಶಾಲೆಯ ಪುಸ್ತಕದಲ್ಲಿ ಕಾಣದ ಲೆಕ್ಕಗಳು ಅಲ್ಲಿ ಕಾಣುವುವು. ತನ್ನಂತೆಯೇ ಲೆಕ್ಕಗಳಲ್ಲಿ ಪ್ರೀತಿಯುಳ್ಳ ಇತರ ಮಕ್ಕಳ ಪರಿಚಯವಾಗುವುದು. ಇವೆರಡೂ ದೊಡ್ಡ ಲಾಭಗಳೇ. ಬಾಲಕಿಯರನ್ನು ಈ ವಿಷಯದಲ್ಲಿ ಹಿಂದಕ್ಕೆ ಬಿಡತಕ್ಕದ್ದಲ್ಲ. ಅಕ್ಕಮಹಾದೇವಿಯು ಅನುಭವಮಂಟಪದಲ್ಲಿ ಪ್ರಶ್ನೆಗಳಿಗೆ ನಿರ್ಭಯವಾಗಿ ಉತ್ತರವಿತ್ತಳೆಂದು ಶೂನ್ಯಸಂಪಾದನೆಯಿಂದ ತಿಳಿದಿರುವ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಭಾವದಿಂದ ಎಂಬ ಎರಡನೆಯದಕ್ಕೆ ಉತ್ತರವು, ಕಾಯಕದ ಭಾವದಿಂದ ಎಂಬುದು. ನೇಯುವವನು ತನ್ನ ಬಟ್ಟೆಯ ಹದವನ್ನು ನೋಡುವಂತೆ ಮಗುವು ತನ್ನ ಕೆಲಸದ ಹದವನ್ನು ನೋಡಿಕೊಳ್ಳಬೇಕು. ಏನು ಕೇಳಬೇಕೆಂಬ ಮೂರನೆಯದಕ್ಕೆ ಉತ್ತರವು ಅತಿ ಸರಳವಾದುದು: ‘ಯಾವ ಲೆಕ್ಕವು ನಿನಗೆ ಬಿಡಲಿಲ್ಲ? ಅದನ್ನು ಹೇಳು, ಕೇಳೋಣ’ ಎನ್ನಬೇಕು. ತಂದೆತಾಯಿಗಳಿಗೆ ಗಣಿತವು ಬಾರದಿದ್ದರೂ ಅಡ್ಡಿಯಿಲ್ಲ. ಬಾರದವರಿಗೆ ತಿಳಿಯುವಂತೆ ಹೇಳುವ ಪ್ರಯತ್ನದಲ್ಲಿಯೇ ಮಗುವಿಗೆ ದಾರಿಯು ಎಷ್ಟೋ ವೇಳೆ ಹೊಳೆಯುವುದುಂಟು.

ಕೊನೆಯದಾಗಿ ಶ್ರೀಮಠದ ಸನ್ನಿಧಿಯಲ್ಲಿ ಒಂದು ವಿಜ್ಞಾಪನೆ. ಪ್ರಸಾದ ನಿಲಯದ ಪಡಸಾಲೆಯಲ್ಲಿ, ಮಕ್ಕಳು ಪ್ರಸಾದಕ್ಕೆ ಹೋಗುವ ದಾರಿಯಲ್ಲಿ, ಒಂದು ಕರಿಹಲಗೆಯನ್ನು ನಿಲ್ಲಿಸಬೇಕು. ಪ್ರತಿ ಸೋಮವಾರ ಅದರ ಮೇಲೆ ಕನ್ನಡದಲ್ಲಿ ಒಂದೇ ಒಂದು ಲೆಕ್ಕವನ್ನು ಬರೆಯಬೇಕು. ಅವಧಿಯು ಒಂದು ವಾರ. ಒಬ್ಬರೇ ಬಿಡಿಸಬಹುದು, ನಾಲ್ವರು ಕೂಡಿ ಬಿಡಿಸಬಹುದು. ಮೊದಲು ಬಿಡಿಸಿದವರ ಹೆಸರನ್ನು ಬರೆಯಕೂಡದು. ಬಿಡಿಸಿದ ಬಗೆಯನ್ನು ಬರೆಯಬೇಕು. ಭಾನುವಾರ ಸಂಜೆ ಪ್ರಾರ್ಥನೆಯಾದ ಬಳಿಕ, ಅದನ್ನು ತಿಳಿದ ಮಗುವು ತಿಳಿಯದ ಮಕ್ಕಳಿಗೆ ವಿವರಿಸಬೇಕು. ಇದಕ್ಕೆ ಬೇಕಾಗುವ ವೆಚ್ಚವು ಒಂದು ಹಲಗೆ, ಒಂದಿಷ್ಟು ಸೀಮೆಸುಣ್ಣ. ಹಲಗೆಯ ಒಂದು ಮೂಲೆಯಲ್ಲಿ ಮಾತ್ರ ಬ್ರಹ್ಮಗುಪ್ತನ ಆ 92ರ ಲೆಕ್ಕವು ವರ್ಷಾರಭ್ಯ ಹಾಗೆಯೇ ಇರಲಿ. ಅದರ ಉತ್ತರವು ಈಗ ಎಲ್ಲರಿಗೂ ತಿಳಿದೇ ಇರುವುದು. ಆ ಉತ್ತರಕ್ಕೆ ಹೋಗುವ ದಾರಿಯನ್ನು ಕಂಡುಕೊಳ್ಳುವುದಕ್ಕೆ ಮಕ್ಕಳಿಗೆ ಒಂದು ವರ್ಷದ ಕಾಲಾವಕಾಶವಿರಲಿ. ಆ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದ ಮಗುವು, ಯಾವ ಸ್ಪರ್ಧೆಗೆ ಹೋಗಿ ಯಾವ ಸ್ಥಾನವನ್ನು ಪಡೆದು ಬಂದರೂ, ತಲೆತಗ್ಗಿಸಬೇಕಾದ ಕಾರಣವಿಲ್ಲ.

ಮುಂದಿನ ಬಾರಿ ಸ್ಪರ್ಧೆಯು ಮುಗಿದಾಗ ಬಹುಮಾನ ಬಾರದ ಮಕ್ಕಳನ್ನೂ ಭಕ್ತರು ಸನ್ನಿಧಿಗೆ ಕರೆತರಲಿ. ಶ್ರೀಗಳವರ ಕೃಪಾಹಸ್ತವು ಆ ಮಕ್ಕಳ ತಲೆಯ ಮೇಲೂ ಸಮನಾಗಿ ಇರುವುದು. ಎಲ್ಲ ಮಕ್ಕಳ ಬುದ್ಧಿಯೂ ಬೆಳಗಲಿ, ಎಲ್ಲರ ಹೃದಯವೂ ನಿರ್ಮಲವಾಗಿರಲಿ.